ಸೋಗೆ ತಾಗಿದ ಕಣ್ಣಿಗೆ ಸ್ಟೀರಾಯ್ಡ್ ಹನಿ ಬೇಡ: ಸ್ಪಷ್ಟನೆ

‘ಅಡಿಕೆ ಕೊನೆ ಕೊಯ್ಯುವಾಗ ಸೋಗೆ ತಾಗಿ ಕಣ್ಣು ಕೆಂಪಾದರೆ ಡೆಕ್ಸಾಮೆಥಸೋನ್ ಹನಿ ಬಿಡಿ, ಒಂದೇ ದಿನದಲ್ಲಿ ವಾಸಿ’ ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರದ ಕಡೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಕೆಂಪು ಇಳಿಯುವುದು ನಿಜ. ಆದರೆ ಆ ಹನಿ ಸ್ಟೀರಾಯ್ಡ್. ಉರಿಯೂತದ ಜೊತೆಗೆ ಸೋಂಕಿನೊಡನೆ ಹೋರಾಡುವ ಶಕ್ತಿಯನ್ನೂ ಅಡಗಿಸುತ್ತದೆ. ಸೋಗೆಯೋ ಹುಲ್ಲೋ ಗೀರಿದ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ) ಶಿಲೀಂಧ್ರ ಕೂತಿದ್ದರೆ, ನೋವು ಕಡಿಮೆಯಾಯಿತೆಂದು ನಾವು ತೋಟಕ್ಕೆ ಮರಳುವ ಹೊತ್ತಿಗೆ ಒಳಗೆ ಹುಣ್ಣು ಆಳವಾಗುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಶಿಲೀಂಧ್ರವನ್ನು ಕೊಲ್ಲುವ, ನಾಟಮೈಸಿನ್‌ನಂಥ ಬೇರೆಯೇ ಔಷಧ. ಕಣ್ಣಿನ ವೈದ್ಯರು ಪರೀಕ್ಷಿಸಿಯೇ ಕೊಡಬೇಕು. ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು. ಅದರಿಂದ ಹೋದ ದೃಷ್ಟಿ ಮರಳದು.

ಪೊರೆಯ ಶಸ್ತ್ರಚಿಕಿತ್ಸೆಯ ನಂತರ ವೈದ್ಯರೇ ಈ ಹನಿ ಬರೆದುಕೊಟ್ಟಿದ್ದರೆ, ಇದನ್ನು ಓದಿ ಹನಿ ಬಿಡುವುದನ್ನು ನಿಲ್ಲಿಸಬೇಡಿ. ಉಳಿದ ಬಾಟಲಿಯನ್ನು ಮಾತ್ರ, ದಯವಿಟ್ಟು, ಇನ್ನೊಬ್ಬರ ಕಣ್ಣಿಗೆ ಹಾಕಬೇಡಿ.