ಅಲಸಂದೆ ವಡೆಯ ಊರು

ಬ್ರೆಜಿಲ್ ಅಂದಕೂಡಲೇ ರಿಯೋ ಅನ್ನುವವರ ಜೊತೆ ನನ್ನದೊಂದು ಹಳೇ ತಕರಾರಿದೆ. ರಿಯೋಗೆ ರಾಜಧಾನಿ ಪಟ್ಟ ಸಿಕ್ಕಿದ್ದು 1763ರಲ್ಲಿ. ಅದಕ್ಕೂ ಮುಂಚೆ ಇನ್ನೂರು ವರ್ಷಕ್ಕೂ ಮೀರಿ ಆ ಪಟ್ಟ ಸಾಲ್ವಡೋರ್‌ನದು. 1549ರಲ್ಲಿ ಪೋರ್ಚುಗೀಸ್ ಗವರ್ನರ್ ತೋಮೆ ಡಿ ಸೋಜಾ ಬಹಿಯಾದ ಕೊಲ್ಲಿಯ ದಡದಲ್ಲಿ ಕಟ್ಟಿಸಿದ ಊರು ಅದು. ಗುಡ್ಡದ ಮೇಲೆ ಅಧಿಕಾರ ಮತ್ತು ಚರ್ಚು, ಕೆಳಗೆ ಬಂದರು ಮತ್ತು ವ್ಯಾಪಾರ. 1873ರಿಂದ ಎರಡರ ನಡುವೆ ಜನ ಲಿಫ್ಟಿನಲ್ಲೇ ಹತ್ತಿಳಿಯುತ್ತಾರೆ. ಗೋವಾದಿಂದ ಲಿಸ್ಬನ್‌ಗೆ ಮರಳುವ ಹಡಗುಗಳೂ ಇಲ್ಲಿ ಲಂಗರು ಹಾಕುತ್ತಿದ್ದವು.

ಈ ಊರಿನ ಫೋಟೋ ನೀವೂ ನೋಡಿರುತ್ತೀರಿ. ಕಲ್ಲುಹಾಸಿನ ಇಳಿಜಾರು, ನೀಲಿ, ಹಳದಿ, ಗುಲಾಬಿ ಮನೆಗಳು. ಆ ಪೇಟೆಯ ಹೆಸರು ಪೆಲೋರಿನ್ಯೋ. ಅಂದರೆ ಗುಲಾಮರನ್ನು ಕಟ್ಟಿ ಚಾವಟಿಯಲ್ಲಿ ಹೊಡೆಯುತ್ತಿದ್ದ ಕಂಬ. 1985ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, ಸುಣ್ಣಬಣ್ಣ ಆಯಿತು, ಹೆಸರು ಮಾತ್ರ ಹಾಗೇ ಇದೆ. ಇರಲಿ, ಬದಲಿಸಬಾರದು ಅನ್ನುವವನು ನಾನು. ಅದೇ ಇಳಿಜಾರಿನಲ್ಲಿ ಕರಿಯರು ತಮ್ಮ ದುಡಿಮೆ ಮುಗಿಸಿ ಬಂದು, ತಮಗಾಗಿಯೇ ಕಟ್ಟಿಕೊಂಡ ನೀಲಿ ಚರ್ಚೂ ಇದೆ.

1835ರ ಜನವರಿಯಲ್ಲಿ, ರಂಜಾನ್ ತಿಂಗಳ ಕೊನೆಯಲ್ಲಿ, ಇಲ್ಲಿನ ಮುಸ್ಲಿಂ ಗುಲಾಮರು ದಂಗೆಯೆದ್ದರು. ಸತ್ತವರ ಕೊರಳಿನ ತಾಯಿತಗಳಲ್ಲಿ ಅರಬ್ಬಿ ಬರಹ ಸಿಕ್ಕಿತು. ಅಕ್ಷರ ಬಾರದ ಎಷ್ಟೋ ಯಜಮಾನರು ಓದು ಬಲ್ಲವರನ್ನು ಆಳುತ್ತಿದ್ದರು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಈ ಊರಿನ ವಡೆ. ಅಕಾರಾಜೆ ಅಂತ ಹೆಸರು. ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಹಾಕಿ ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿಯುತ್ತಾರೆ. ನಡುವೆ ಸೀಳಿ ಒಣಸೀಗಡಿ ತುಂಬುತ್ತಾರೆ. ಹೆಸರು ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯದು, ಯಾನ್ಸಾನ್ ಎಂಬ ಬಿರುಗಾಳಿ ದೇವತೆಗೆ ನೈವೇದ್ಯವೂ ಹೌದು. ಗುಲಾಮ ಹೆಂಗಸರು ಬೀದಿಯಲ್ಲಿ ತಿಂಡಿ ಮಾರಿ, ಗಳಿಕೆಯಲ್ಲಿ ಗೊತ್ತಾದ ಪಾಲನ್ನು ಯಜಮಾನನಿಗೆ ಒಪ್ಪಿಸಿ, ಉಳಿದ ಕಾಸನ್ನು ಕೂಡಿಟ್ಟು ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡ ಉದಾಹರಣೆಗಳಿವೆ. ನಾನೂ ಮನೆಯಲ್ಲಿ ಒಮ್ಮೆ ಮಾಡಿದೆ. ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದಕ್ಕೆ ಬರೀ ನಮ್ಮ ವಡೆಯಾಯಿತು, ಚಟ್ನಿ ಹಚ್ಚಿಕೊಂಡು ತಿಂದೆವು.

2014ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಫಿಫಾ ನಿಯಮದಿಂದಾಗಿ ಸಾಲ್ವಡೋರ್ ಸ್ಟೇಡಿಯಂ ಬಳಿ ಅಕಾರಾಜೆ ಮಾರುವ ಹೆಂಗಸರಿಗೆ ಜಾಗವಿಲ್ಲದಂತಾಗಿತ್ತು. ಬಿಳಿ ಲಂಗ, ಬಿಳಿ ಮುಂಡಾಸು ತೊಟ್ಟೇ ಪ್ರತಿಭಟಿಸಿದರು. ಕೊನೆಗೆ ಫಿಫಾನೇ ಬಗ್ಗಿತು, ಒಳಗೇ ಬಾಣಲೆ ಇಡಲು ಜಾಗ ಕೊಟ್ಟಿತು.