ಬಣ್ಣ ಬಿಟ್ಟ ಫೋನು

ಹೇಳಿದ ದಿನಕ್ಕೆ ಮಾಲು ಕೊಡದವರನ್ನು ಕಂಡರೆ ನಮ್ಮ ಸೋದರಮಾವನವರಿಗೆ ಆಗುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕ ಇಟ್ಟುಕೊಂಡು ತಲೆ ಬೆಳ್ಳಗಾಗಿಸಿಕೊಂಡವರು ಅವರು. ಶನಿವಾರ ಎಂದರೆ ಶನಿವಾರ. ಕರೆಂಟು ಹೋಗಲಿ, ಟೈಲರ್‌ಗಳೆಲ್ಲ ಒಂದೇ ಮದುವೆಗೆ ಹೋಗಲಿ, ವಾಷಿಂಗ್ ಘಟಕದಲ್ಲಿ ನೀರು ಮುಗಿಯಲಿ, ಸಂಜೆಯೊಳಗೆ ಪಾರ್ಸೆಲ್ ಲಾರಿ ಹತ್ತಬೇಕು. ಭಾನುವಾರವಾದರೆ ಮುಂಬೈ ವ್ಯಾಪಾರಿ ಬಿಲ್ಲಿನಲ್ಲಿ ದುಡ್ಡು ಮುರಿದುಕೊಳ್ಳುತ್ತಾನೆ. ಇಂಥ ಮನುಷ್ಯ 2011ರ ಯುಗಾದಿಯಲ್ಲಿ ಹೋಗಿ ಹೋಗಿ ಒಂದು ಮೊಬೈಲ್ ಕಂಪನಿಗೆ ಮುಂಗಡ ಕೊಟ್ಟರು. ಅವರ ಸ್ಕೂಟರ್ ಓಡಿಸುವವನು ನಾನಾದ್ದರಿಂದ ಮುಂದಿನ ಕಥೆಗೆಲ್ಲ ನಾನೇ ಸಾಕ್ಷಿ.

ಕಂಪನಿಯ ಹೆಸರು ಬೇಡ. ಅದನ್ನು ಬೈಯುವ ಪೂರ್ಣ ಹಕ್ಕು ಮಾವನವರದು, ಅದನ್ನು ಅವರು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಯೋಜನೆ ಇಷ್ಟೇ: ಕಂಪನಿ ತನ್ನ ಸಿಮ್ಮಿನ ಜೊತೆಗೆ ಸಾಧಾರಣ ಬೆಲೆಯ ಟಚ್ ಫೋನೊಂದನ್ನು ಕೊಡುತ್ತದೆ, ಕೆಲವು ತಿಂಗಳು ಇಂಟರ್ನೆಟ್ ಉಚಿತ. ಅಂಗಡಿಯ ನೆತ್ತಿಯ ಮೇಲೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಕುಂಕುಮಗೆಂಪು ಫೋನು, ಅದನ್ನು ಕೆನ್ನೆಗಾನಿಸಿಕೊಂಡು ನಗುತ್ತಿರುವ ಒಬ್ಬ ಹುಡುಗಿ. ಗಣಿಧೂಳಿನಿಂದ ರಸ್ತೆ, ಮರ, ಎಮ್ಮೆ ಎಲ್ಲವೂ ಕೆಂಪಾಗಿದ್ದ ಊರಿನಲ್ಲಿ ಕೆಂಪು ಫೋನನ್ನೇ ಮಾರಲು ಹೊರಟವನ ಧೈರ್ಯ ಮೆಚ್ಚಬೇಕು.

"ಯಾವಾಗ ಬರುತ್ತದಪ್ಪಾ?" ಎಂದು ಮಾವನವರು ಕೌಂಟರಿನ ಹುಡುಗನನ್ನು ಕೇಳಿದರು.

"ಮುಂದಿನ ವಾರ ಬರುತ್ತದೆ ಸರ್."

ಮಾವನವರು ರಸೀದಿ ಮಡಚಿ ಜೇಬಿಗಿಟ್ಟುಕೊಂಡರು. ಬರುವಾಗ ದಾರಿಯುದ್ದಕ್ಕೂ ಹುಡುಗನ ವಿನಯವನ್ನು ಹೊಗಳಿದರು. ಆ ಹೊಗಳಿಕೆ ಬಸವ ಜಯಂತಿಯವರೆಗೂ ಉಳಿಯಲಿಲ್ಲ.

ಹುಡುಗನದೇನೂ ತಪ್ಪಿರಲಿಲ್ಲ. ಅವನನ್ನು ಕೇಳಿದರೆ ಮಾಲು ಹುಬ್ಬಳ್ಳಿಯ ವಿತರಕರ ಹತ್ತಿರ ಇದೆ ಎನ್ನುತ್ತಿದ್ದ. ಹುಬ್ಬಳ್ಳಿಗೆ ಫೋನ್ ಮಾಡಿದರೆ ಬೆಂಗಳೂರಿನಿಂದ ಹೊರಡಬೇಕು ಎನ್ನುತ್ತಿದ್ದರು. ಬೆಂಗಳೂರಿನ ಗ್ರಾಹಕ ಸೇವೆಯ ಹೆಣ್ಣುಮಗಳು ಇಂಪಾದ ದನಿಯಲ್ಲಿ, "ಬಳ್ಳಾರಿಯಲ್ಲಿ ಈಗಾಗಲೇ ಲಭ್ಯವಿದೆ, ದಯವಿಟ್ಟು ಹತ್ತಿರದ ಮಳಿಗೆಗೆ ಭೇಟಿ ಕೊಡಿ" ಎನ್ನುತ್ತಿದ್ದಳು. ಆಗ ನಾವು ನಿಂತಿರುತ್ತಿದ್ದುದು ಆ ಹತ್ತಿರದ ಮಳಿಗೆಯೊಳಗೇ. ಮಾವನವರು ಫೋನನ್ನು ಹುಡುಗನ ಕೈಗೆ ಕೊಟ್ಟು, "ನೀನೇ ಮಾತಾಡಪ್ಪಾ, ನಿಮ್ಮ ಮನೆಯವರು" ಎಂದರು. ಕಾಯುವ ಸಂಗೀತ ಕೇಳುತ್ತಾ ಹುಡುಗನೂ ನಮ್ಮ ಜೊತೆಗೆ ಕಾದ.

ಬೆಂಗಳೂರಿನಲ್ಲಿರುವ ಮಾವನವರ ಮಗಳು ಆ ಫೋನನ್ನು ಅಲ್ಲಿನ ಅಂಗಡಿಯಲ್ಲಿ ಕಣ್ಣಾರೆ ಕಂಡಳು. ತೆಗೆದುಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರ ಕೈಗೆ ಕೊಟ್ಟರೆ ಬೆಳಿಗ್ಗೆ ಬಳ್ಳಾರಿಯಲ್ಲಿರುತ್ತದೆ. ಆಗುವುದಿಲ್ಲವಂತೆ. ಮುಂಗಡ ಎಲ್ಲಿ ಕಟ್ಟಿದ್ದಾರೋ ಫೋನನ್ನೂ ಅಲ್ಲಿಯೇ ಪಡೆಯಬೇಕು. ಬಿಡುಗಡೆ ಹಂತಹಂತವಾಗಿ ನಡೆಯುತ್ತಿದೆ, ಬಳ್ಳಾರಿ ಯಾವ ಹಂತದಲ್ಲಿದೆ ಎಂಬುದು ಮೇಲಿನವರಿಗೆ ಗೊತ್ತು. ಆ ಮೇಲಿನವರು ಯಾವ ಮಹಡಿಯಲ್ಲಿ ಕೂರುತ್ತಾರೆಂದು ಮಾವನವರು ವಿಚಾರಿಸಿದರು. ಅಂಗಡಿಗೆ ಇದ್ದುದು ಒಂದೇ ಮಹಡಿ.

ಸಮಾಧಾನ ಮಾಡಲು ನಾನು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ದೊಡ್ಡ ದೊಡ್ಡವರೇ ಕಾಯುತ್ತಿದ್ದಾರೆ ಮಾವ, ನಮ್ಮದೇನು? ಐಫೋನು ಅಮೆರಿಕದಲ್ಲಿ 2007ರ ಜೂನ್‌ನಲ್ಲಿ ಬಂತು. ನಮ್ಮ ದೇಶದಲ್ಲಿ ಎರಡು ಮೊಬೈಲ್ ಕಂಪನಿಗಳು ಅದರ ಎರಡನೆಯ ಮಾದರಿಯಾದ ಐಫೋನ್ 3ಜಿಯನ್ನು ಮಾರತೊಡಗಿದ್ದು 2008ರ ಆಗಸ್ಟ್ 22ಕ್ಕೆ. ನಾಲ್ಕನೆಯ ಐಫೋನು ಅಲ್ಲಿ 2010ರ ಜೂನ್‌ನಲ್ಲಿ ಸಿಕ್ಕರೆ ಇಲ್ಲಿಗೆ ತಲುಪಿದ್ದು ಈ ಮೇ ಕೊನೆಗೆ. ಬೆಲೆಯೋ, ಅಲ್ಲಿ ಎರಡು ವರ್ಷ ನಿಮ್ಮನ್ನು ಬಿಟ್ಟುಹೋಗುವುದಿಲ್ಲ ಎಂದು ಕಂಪನಿಗೆ ಬರೆದುಕೊಟ್ಟವರಿಗೆ 199 ಡಾಲರಿಗೆ ಕೊಟ್ಟ 8 ಜಿಬಿಯ ಐಫೋನ್ 3ಜಿ ಇಲ್ಲಿ 31,000 ರೂಪಾಯಿ. ಉಳಿದದ್ದನ್ನು ಅಲ್ಲಿನ ಕಂಪನಿ ತಿಂಗಳ ಬಿಲ್ಲಿನಲ್ಲಿ ಹಿಂಡಿಕೊಳ್ಳುತ್ತದೆ. ಹತ್ತು ರೂಪಾಯಿ ರೀಚಾರ್ಜ್ ಹಾಕಿಸಿ ಮಿಸ್ಡ್ ಕಾಲ್‌ನಲ್ಲೇ ಸಂಸಾರ ನಡೆಸುವ ನಮ್ಮನ್ನು ನಂಬಿ ಯಾವ ಕಂಪನಿ ಎರಡು ವರ್ಷದ ಉದ್ದರಿ ಕೊಡುತ್ತದೆ? ಇದೆಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಹೆಸರಿನಲ್ಲೇ 3ಜಿ ಇಟ್ಟುಕೊಂಡು ಆ ಫೋನು ಬಂದಿಳಿದಾಗ ದೇಶದಲ್ಲಿ 3ಜಿ ಸೇವೆಯೇ ಶುರುವಾಗಿರಲಿಲ್ಲ. ಖಾಸಗಿ ಕಂಪನಿಗಳಿಗಾಗಿ ತರಂಗಾಂತರದ ಹರಾಜು ನಡೆದದ್ದು 2010ರಲ್ಲಿ, ಅದೂ 183 ಸುತ್ತು.

ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, "ಅಂದರೆ ಝಿಪ್ ಬಂತು, ಪ್ಯಾಂಟು ಬರಲಿಲ್ಲ ಅನ್ನು" ಎಂದರು.

ಆಮೇಲೆ ನಾನು ಸಮಾಧಾನ ಮಾಡುವುದನ್ನು ಬಿಟ್ಟೆ.

ತಡಮಾಡುವುದು ಆ ಕಂಪನಿಗೆ ಹುಟ್ಟುಗುಣವೇನೂ ಅಲ್ಲ. ಬೇಕೆಂದಾಗ ಅದಕ್ಕಿಂತ ಚುರುಕಿನವರು ಬೇರೆ ಇಲ್ಲ. ಮಾವನವರಿಗೆ ಆಂಧ್ರದ ಗಡಿಗೆ ತಾಗಿದಂತೆ ಒಂದಿಷ್ಟು ಹೊಲವಿದೆ. ಬೋರು ನೋಡಲು ಹೋಗಿ ಬದುವಿನ ಜಾಲಿಯ ನೆರಳಿಗೆ ಸರಿದರೆ ಸಾಕು, ಜೇಬಿನಲ್ಲಿದ್ದ ಹಳೆಯ ಮೊಬೈಲು ಕಿಣಿಕ್ ಎನ್ನುತ್ತಿತ್ತು: ಆಂಧ್ರಪ್ರದೇಶಕ್ಕೆ ಸ್ವಾಗತ, ಇಲ್ಲಿನ ರೋಮಿಂಗ್ ದರಗಳು ಹೀಗಿವೆ. ಎರಡು ಹೆಜ್ಜೆ ಹಿಂದೆ ಬಂದರೆ ಕರ್ನಾಟಕಕ್ಕೆ ಸ್ವಾಗತ. "ನಾನು ನನ್ನ ಹೊಲದಲ್ಲಿ ಯಾವ ಜಾಲಿಗಿಡದ ಕೆಳಗೆ ಕೂತಿದ್ದೇನೆಂದು ಇವರಿಗೆ ಗೊತ್ತಿದೆ. ತಮ್ಮ ಫೋನು ಎಲ್ಲಿದೆ ಎಂದು ಗೊತ್ತಿಲ್ಲ" ಎಂಬ ಅವರ ಮಾತಿಗೆ ಉತ್ತರ ಹೇಳುವುದು ನನ್ನಿಂದ ಇಂದಿಗೂ ಸಾಧ್ಯವಾಗಿಲ್ಲ.

ಆ ವರ್ಷದ ಜನವರಿಯಲ್ಲಷ್ಟೇ ದೇಶದ ತುಂಬ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಬಂದಿತ್ತು. 1900ಕ್ಕೆ ಸಂದೇಶ ಕಳಿಸಿದರೆ ಒಂದು ಸಂಕೇತ ಬರುತ್ತದೆ, ಅದನ್ನು ಹಿಡಿದುಕೊಂಡು ಬೇರೆ ಕಂಪನಿಯ ಮನೆ ಸೇರಬಹುದು. ಮಾವನವರು ಸಂದೇಶ ಕಳಿಸಿದರು. ಅದುವರೆಗೆ ನಾವೇ ಫೋನ್ ಮಾಡಿ ಮಾಡಿ ಸಿಗದಿದ್ದ ಕಂಪನಿ ಅಂದು ಸಂಜೆಯೊಳಗೆ ತಾನಾಗಿಯೇ ಫೋನ್ ಮಾಡಿತು. ಏನು ತೊಂದರೆ ಸರ್, ಯಾಕೆ ಸರ್ ನಮ್ಮನ್ನು ಬಿಟ್ಟುಹೋಗುತ್ತೀರಿ ಸರ್. ಕೆಂಪು ಫೋನು ಕೊಡಿ, ಇರುತ್ತೇನೆ ಎಂದರು ಮಾವನವರು. ಫೋನು ಬರಲಿಲ್ಲ. ಅದರ ಬದಲು ಸದ್ಭಾವನೆಯ ಸಂಕೇತವಾಗಿ ಉಚಿತ ಕಾಲರ್ ಟ್ಯೂನ್ ಬಂತು. ಮುಂಬೈ ವ್ಯಾಪಾರಿ ಫೋನ್ ಮಾಡಿದಾಗಲೆಲ್ಲ ಮಳೆಯಲ್ಲಿ ನೆನೆದು ಪ್ರಿಯತಮೆಯನ್ನು ಕರೆಯುವ ಒಂದು ಹಾಡು ಪೂರ್ತಿ ಕೇಳಿ, ಆಮೇಲೆ ಡಜನ್ನಿನ ರೇಟು ಮಾತಾಡಬೇಕಾಯಿತು. ಅವನು ರೇಟು ಇಳಿಸಲಿಲ್ಲವಾದರೂ ಮಾವನವರ ಆರೋಗ್ಯವನ್ನು ಮೊದಲಿಗಿಂತ ಹೆಚ್ಚು ವಿಚಾರಿಸತೊಡಗಿದ.

ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳ ಸಾಲು ಕರಗಿತು, ಢಾಬಾಗಳು ಬಿಕೋ ಎಂದವು. ಊರಿಗೆ ಊರೇ ಅದನ್ನೇ ಮಾತಾಡುತ್ತಿರುವಾಗ ಕೌಂಟರಿನ ಹುಡುಗನಿಗೂ ಒಂದು ಹೊಸ ಕಾರಣ ಸಿಕ್ಕಿತು.

"ಗಣಿ ನಿಂತುಹೋಯಿತಲ್ಲ ಸರ್, ಅದಕ್ಕೇ ಸ್ವಲ್ಪ ತಡ."

"ನಿಮ್ಮ ಫೋನು ಅದಿರು ಲಾರಿಯಲ್ಲಿ ಬರುತ್ತಿತ್ತೇನಪ್ಪಾ?" ಎಂದು ಮಾವನವರು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಸಂಡೂರಿನ ಗುಡ್ಡ ಚೀನಾಕ್ಕೆ ಹೋಗಿ ಮುಟ್ಟಿತು ಅಳಿಯಾ. ಚೀನಾದ ಒಂದು ಫೋನು ಇಲ್ಲಿಗೆ ಬರಲು ಇಷ್ಟು ಕಷ್ಟವೇ?" ಎಂದರು.

ಇಷ್ಟರಲ್ಲಿ ಫ್ಲೆಕ್ಸಿಗೆ ಏನೋ ಆಗತೊಡಗಿತ್ತು. ಬಳ್ಳಾರಿಯ ಬಿಸಿಲು ಬಲ್ಲವರಿಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಗಡಿಯ ಮುಖ ಪಡುವಣಕ್ಕೆ. ಬಿಸಿಲಿಗೆ ಮೊದಲು ಹೋದದ್ದು ಹುಡುಗಿಯ ತುಟಿಯ ಬಣ್ಣ. ಆಮೇಲೆ ಫೋನಿನ ಕುಂಕುಮ ಗುಲಾಬಿಯಾಯಿತು, ಗುಲಾಬಿ ಬೂದಿಯಾಯಿತು. ಕೆಂಪು, ಹಳದಿ ಎಲ್ಲ ಹಾರಿಹೋಗಿ ಗಣೇಶನ ಹಬ್ಬದ ಹೊತ್ತಿಗೆ ಉಳಿದದ್ದು ತಿಳಿ ನೀಲಿ ಮಾತ್ರ. ಹುಡುಗಿಯೂ ನೀಲಿ, ಫೋನೂ ನೀಲಿ, ಕೆಳಗೆ "ಶೀಘ್ರದಲ್ಲಿ" ಎಂಬ ಅಕ್ಷರಗಳೂ ನೀಲಿ.

ಬೇರೆ ಯಾರಾದರೂ ಆಗಿದ್ದರೆ ಇದನ್ನು ನೋಡಿ ನಗುತ್ತಿದ್ದರು. ಮಾವನವರು ಸ್ಕೂಟರ್ ನಿಲ್ಲಿಸಲು ಹೇಳಿದರು. ಇಳಿದು, ಕನ್ನಡಕ ಸರಿಮಾಡಿಕೊಂಡು, ತಲೆ ಎತ್ತಿ ಬಹಳ ಹೊತ್ತು ನೋಡಿದರು. ಜೀವಮಾನವೆಲ್ಲ ಕಡುನೀಲಿ ಬಟ್ಟೆಯನ್ನು ಕಲ್ಲು ಹಾಕಿ ತೊಳೆಸಿ ತೊಳೆಸಿ ಈ ಶೇಡಿಗೆ ತರಲು ಒದ್ದಾಡಿದವರು ಅವರು. ತೊಳೆಯುವವನು ಒಂದು ಸುತ್ತು ಹೆಚ್ಚು ತಿರುಗಿಸಿದರೆ ಲಾಟ್ ಪೂರ್ತಿ ಬಿಳಿಚಿಕೊಳ್ಳುತ್ತದೆ, ಒಂದು ಸುತ್ತು ಕಡಿಮೆಯಾದರೆ ಮುಂಬೈಯಿಂದ ವಾಪಸ್ ಬರುತ್ತದೆ.

"ನೀರಿಲ್ಲ, ಕಲ್ಲಿಲ್ಲ, ಕೂಲಿಯಿಲ್ಲ. ಎಂಥ ವಾಷ್ ಬಂದಿದೆ ನೋಡು" ಎಂದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ.

ಅಂದಿನಿಂದ ಅವರು ಕೆಂಪು ಫೋನು ಎನ್ನುವುದನ್ನು ಬಿಟ್ಟು "ನನ್ನ ಫೋನು" ಎನ್ನತೊಡಗಿದರು. ಮನೆಗೆ ಬಂದವರಿಗೆ ಅದರ ಬಣ್ಣ ವಿವರಿಸುತ್ತಿದ್ದರು. ಅತ್ತೆಯವರು, "ದುರ್ಗಮ್ಮನ ಜಾತ್ರೆಯ ಸಿಡಿಬಂಡಿ ಒಂದು ವರ್ಷವಾದರೂ ಮಂಗಳವಾರ ತಪ್ಪಿಸಿದೆಯೇ? ಅದೆಷ್ಟು ಜನ, ಎಷ್ಟು ಗದ್ದಲ, ಆದರೂ ಹೇಳಿದ ದಿನ ನಡೆಯುತ್ತದೆ. ಒಂದು ಡಬ್ಬಿ ಕಳಿಸಲು ಇವರಿಗೇನು ಬಂದಿದೆ ರೋಗ?" ಎಂದು ಗೊಣಗುತ್ತಾ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಡುತ್ತಿದ್ದರು. ಮೊದಮೊದಲು ಕಂಪನಿಯ ಮೇಲೆ ಹರಿಹಾಯುತ್ತಿದ್ದ ಮಾವನವರು ಈಗ ಸುಮ್ಮನೆ ಮಿರ್ಚಿ ಮುರಿಯುತ್ತಿದ್ದರು. ಈ ಶಾಂತಿಯ ಹಿಂದೆ ಏನಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಡುಗನೇ ಫೋನ್ ಮಾಡಿದ. ಮಳೆಯ ಹಾಡನ್ನು ಪೂರ್ತಿ ಕೇಳಿ, "ಯಜಮಾನರೇ, ಬಂದಿದೆ!" ಎಂದು ಕೂಗಿದ. ನಾವು ಹೋದೆವು. ಹುಡುಗ ಎಷ್ಟು ಸಡಗರಪಟ್ಟಿದ್ದನೆಂದರೆ ಕೌಂಟರಿನ ಮೇಲೆ ಪೇಡಾ ಡಬ್ಬಿ ಇಟ್ಟಿದ್ದ. ನಮ್ಮ ಕಣ್ಣೆದುರೇ ಪೆಟ್ಟಿಗೆಯ ಅಂಟು ಬಿಚ್ಚಿ, ಪ್ಲಾಸ್ಟಿಕ್ ಸುಲಿದು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಕುಂಕುಮಗೆಂಪು. ಥಳಥಳ ಹೊಳೆಯುತ್ತಿತ್ತು.

ಮಾವನವರು ಮುಟ್ಟಲಿಲ್ಲ.

"ಇದು ಕೆಂಪು" ಎಂದರು.

"ಹೌದು ಸರ್. ಮೊದಲಿನಿಂದಲೂ ಕೆಂಪೇ ಸರ್."

ಮಾವನವರು ಅವನ ಕೈ ಹಿಡಿದು ಹೊರಗೆ ಕರೆದೊಯ್ದು ಫ್ಲೆಕ್ಸಿನ ಕೆಳಗೆ ನಿಲ್ಲಿಸಿದರು. "ಬೋರ್ಡಿನ ಮೇಲೆ ಏನು ತೋರಿಸಿದ್ದೀರಿ? ಸ್ಯಾಂಪಲ್ ಒಂದು, ಮಾಲು ಇನ್ನೊಂದು ಆದರೆ ನಮ್ಮ ಧಂಧೆಯಲ್ಲಿ ಪೂರ್ತಿ ಲಾಟ್ ವಾಪಸ್. ನನಗೆ ಈ ಶೇಡ್ ಬೇಕು. ಯಾವಾಗ ಕೊಡುತ್ತೀಯಾ?"

ಹುಡುಗ ಮೇಲೆ ನೋಡಿದ. ಅವನು ಇನ್ನೂ ಬಾಯಿ ತೆರೆಯುವ ಮೊದಲೇ, ಇಷ್ಟು ತಿಂಗಳ ಅಭ್ಯಾಸದಿಂದ, ಮಾತು ತಾನಾಗಿಯೇ ಹೊರಬಿತ್ತು:

"ಮುಂದಿನ ವಾರ ಬರುತ್ತದೆ ಸರ್."