ಗಿಡ ನಮ್ಮದು, ಹೂವು ಊರಿನದು

ಶಿವರಾತ್ರಿ ಮುಗಿದು ಚಳಿ ಶಿವಶಿವಾ ಅಂತ ಹೊರಟಿತು ಅಂದರೆ ಮೈಸೂರಿನ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಹೆಂಗಸರು ಸಂಡಿಗೆ ಇಡೋಕೆ ತಾರಸಿ ತೊಳೆಯುತ್ತಾರೆ. ಗಂಡಸರು ಅದೇ ತಾರಸಿಗೆ ಗೊಬ್ಬರದ ಚೀಲ ಹೊತ್ತು ತರುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೇ. ಅತ್ತೆಯ ಸಂಡಿಗೆ ಪಂಚೆಗೂ ನಮ್ಮನೆಯವರ ಕುಂಡಗಳಿಗೂ ಪ್ರತಿ ವರ್ಷ ಗಡಿ ವಿವಾದ. ಎರಡೂ ಕಡೆಯಿಂದ ದೂರು ಬರೋದು ನನ್ನ ಹತ್ತಿರ. ತೀರ್ಪು ಹೇಳಿದರೆ ಮಾತ್ರ ಇಬ್ಬರೂ ಕೇಳೋದಿಲ್ಲ.

ತೋಟ ಅಂದ ತಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮೂವತ್ತು-ನಲವತ್ತರ ಸೈಟು. ಮನೆ ಕಟ್ಟಿ, ಸಂಪು ತೋಡಿ, ಸ್ಕೂಟರ್ ನಿಲ್ಲಿಸಿದ ಮೇಲೆ ಕಾಂಪೌಂಡಿನ ಗುಂಟ ಎರಡಡಿ ಮಣ್ಣು ಉಳಿದಿತ್ತು. ಅದರಲ್ಲೇ ಒಂದು ಕಸಿ ಮಾವು, ಕರಿಬೇವು, ದಾಸವಾಳ, ನಂದಿಬಟ್ಟಲು, ಎರಡು ಮಲ್ಲಿಗೆ. ಮಿಕ್ಕಿದ್ದೆಲ್ಲ ತಾರಸಿ ಮೇಲೆ. ಪೇಂಟ್ ಡಬ್ಬ, ಕಿವಿ ಹೋದ ಬಕೆಟ್, ಹಳೇ ವಾಷಿಂಗ್ ಮಷೀನಿನ ಡ್ರಮ್ಮು. ಮನೆಯಲ್ಲಿ ನಿವೃತ್ತಿಯಾದವರಿಗೆಲ್ಲ ಅಲ್ಲಿ ಮರುನೇಮಕ. ನಮ್ಮನೆಯವರೂ ನಿವೃತ್ತರೇ.

ಮಲ್ಲಿಗೆ ಎರಡು ಇರೋದಕ್ಕೆ ಕಾರಣ ಉಂಟು. ಒಂದು ನನ್ನ ತವರಿನದು, ಉಡುಪಿ ಹತ್ತಿರದ ಶಂಕರಪುರದ ಕಡೆಯಿಂದ ಬಂದದ್ದು. ಇನ್ನೊಂದು ಅತ್ತೆಯ ಮೈಸೂರು ಮಲ್ಲಿಗೆ. ಉಡುಪಿ, ಮೈಸೂರು, ಹಡಗಲಿ ಮೂರೂ ಮಲ್ಲಿಗೆಗೆ ಆಯಾ ಊರಿನದೇ ಅನ್ನೋ ಜಿಐ ಗುರುತು ಕೊಟ್ಟು ಸರ್ಕಾರ ಜಾಣತನದಿಂದ ಜಗಳ ಬಿಡಿಸಿಕೊಂಡಿದೆ. ನಮ್ಮ ಕಾಂಪೌಂಡಿನ ಒಳಗೆ ಅದು ಅಷ್ಟು ಸುಲಭ ಅಲ್ಲ. ನಮ್ಮ ಕಡೆ ಮಲ್ಲಿಗೆಗೆ ಚೆಂಡು, ಅಟ್ಟೆ ಅಂತ ಲೆಕ್ಕ. ಇಲ್ಲಿ ಅತ್ತೆ ಹೇಳಿದ್ದೇ ಲೆಕ್ಕ.

ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನಲ್ಲಿ. ಅದಕ್ಕೇ ಸಂಕ್ರಾಂತಿ ಆದಮೇಲೆ ರೆಂಬೆ ಸವರಿ, ಎಲೆ ಕೀಳಿ, ಸ್ವಲ್ಪ ದಿನ ನೀರು ಕಮ್ಮಿ ಮಾಡಿ, ಆಮೇಲೆ ಗೊಬ್ಬರ ಕೊಡಬೇಕು. ಈ ಮಾತನ್ನು ನಮ್ಮನೆಯವರು ಯೂಟ್ಯೂಬಿನಲ್ಲಿ ಕೇಳಿದರು. ಕತ್ತರಿ ತಂದರು. ನನ್ನ ಮಲ್ಲಿಗೆ ಸವರಿದರು, ಅತ್ತೆಯ ಮಲ್ಲಿಗೆ ಸವರಿದರು. ಕತ್ತರಿ ಹೊಸದು, ಕೈ ನಿಲ್ಲಲಿಲ್ಲ. ಪಕ್ಕದ ಮನೆಯಿಂದ ಇಣುಕುತ್ತಿದ್ದ ಬೋಗನ್‌ವಿಲ್ಲಾವನ್ನೂ ಸವರಿಬಿಟ್ಟರು. ಅತ್ತೆ ದೇವಸ್ಥಾನದಿಂದ ಬಂದವರು ಮೊಣಕಾಲೆತ್ತರದ ಕಡ್ಡಿಗಳನ್ನು ನೋಡಿ, "ನಾನು ಕಣ್ಣು ಮುಚ್ಚಿದ ಮೇಲಾದರೂ ಮಾಡಬಾರದಿತ್ತೇನೋ?" ಅಂದರು. ಆ ರಾತ್ರಿ ಊಟದಲ್ಲಿ ಯಾರೂ ಮಜ್ಜಿಗೆ ಕೂಡ ಕೇಳಿ ಹಾಕಿಸಿಕೊಳ್ಳಲಿಲ್ಲ.

ಯುಗಾದಿ ಹೊತ್ತಿಗೆ ಎರಡೂ ಗಿಡ ಚಿಗುರಿ, ಎಲೆಗಿಂತ ಮೊಗ್ಗೇ ಜಾಸ್ತಿಯಾಯಿತು. ಸಂಜೆ ನಾಲ್ಕಕ್ಕೆ ಬಿಸಿಲು ಗೋಡೆಯಿಂದ ಇಳಿದ ಮೇಲೆ ದಪ್ಪ ಮೊಗ್ಗು ನೋಡಿ ನೋಡಿ ಬಿಡಿಸೋದು ನನ್ನ ಕೆಲಸ. ನಾಳೆಯ ಮೊಗ್ಗಿಗೆ ಸ್ವಲ್ಪ ಹಸಿರು ಇರುತ್ತೆ, ಅದನ್ನು ಬಿಡಬೇಕು. ಬಾಳೆನಾರು ಒದ್ದೆ ಮಾಡಿಕೊಂಡು ಜಗಲಿ ಮೇಲೆ ಕೂತು ಕಟ್ಟುತ್ತಾ ಇದ್ದರೆ ಫೋನು ಬಂದರೂ ಎತ್ತೋಕೆ ಮನಸ್ಸಾಗಲ್ಲ. ಕಟ್ಟಿ ಮುಗಿಯೋ ಹೊತ್ತಿಗೆ ಮೊದಲು ಕಟ್ಟಿದ ಮೊಗ್ಗು ಬಾಯಿ ಬಿಡೋಕೆ ಶುರು ಮಾಡಿರುತ್ತೆ. ಎರಡೂ ಗಿಡದ ಹೂವನ್ನು ಒಂದೇ ಮಾಲೆಗೆ ಸೇರಿಸಿ ಕಟ್ಟುತ್ತೇನೆ. ಅತ್ತೆ ಮೂಸಿ ನೋಡಿ, "ನಮ್ಮ ಮೈಸೂರಿನದರ ಘಮವೇ ಬೇರೆ" ಅಂತಾರೆ. ಅವರ ಮೂಗಿನ ಹತ್ತಿರ ಇರೋದು ಯಾವಾಗಲೂ ಉಡುಪಿಯದೇ. ನಾನು ಬಾಯಿ ಬಿಡಲ್ಲ.

ದಾಸವಾಳದ ಕಥೆ ಬೇರೆ. ಬಿಸಿಲು ಏರುತ್ತಿದ್ದಂತೆ ಕುಡಿಗಳಿಗೆಲ್ಲ ಬಿಳಿ ಹಿಟ್ಟು ಮೆತ್ತಿಕೊಂಡಿತು. ಅದು ಹಿಟ್ಟಲ್ಲ, ರಸ ಹೀರುವ ತಿಗಣೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತೆ. ಇರುವೆ ಸುಮ್ನೆ ತಿಂದು ಹೋಗಲ್ಲ. ಆ ತಿಗಣೆಗಳನ್ನು ಶತ್ರುಗಳಿಂದ ಕಾಯುತ್ತೆ. ಅಂದರೆ ನಮ್ಮ ಗಿಡದ ಮೇಲೆ ನಮಗೆ ತಿಳಿಸದೆ ಡೈರಿ ನಡೆಯುತ್ತಿತ್ತು. ಇದಕ್ಕೆ ಮದ್ದು ಬೇವಿನೆಣ್ಣೆ. ಲೀಟರ್ ನೀರಿಗೆ ಒಂದು ಚಮಚ ಎಣ್ಣೆ, ಎಣ್ಣೆ ನೀರಿಗೆ ಬೆರೆಯಲಿ ಅಂತ ಸ್ವಲ್ಪ ಸೋಪಿನ ನೀರು. ಸಂಜೆ ಹೊಡೆಯಬೇಕು, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ನಮ್ಮನೆಯವರು ಎಲ್ಲ ಸರಿಯಾಗೇ ಮಾಡಿದರು. ಸೋಪಿನ ಬದಲು ನನ್ನ ಶಾಂಪೂ ಹಾಕಿದ್ದನ್ನೂ ಕ್ಷಮಿಸಬಹುದು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅನ್ನೋದು ಆ ವಿಡಿಯೋದಲ್ಲಿ ಇರಲಿಲ್ಲ. ಅರ್ಧ ಮದ್ದು ದಾಸವಾಳಕ್ಕೆ, ಅರ್ಧ ತಂತಿ ಮೇಲಿನ ಬಟ್ಟೆಗೆ. ಮಾರನೆಯ ದಿನ ಒಂದು ಮದುವೆ ಮನೆಗೆ ಹೋದಾಗ ಇವರ ಪಕ್ಕದ ಎರಡು ಕುರ್ಚಿ ಕೊನೆಯವರೆಗೂ ಖಾಲಿ ಇದ್ದವು. ತಿಗಣೆ ಮಾತ್ರ ವಾರದಲ್ಲಿ ವಾಪಸ್ ಬಂತು.

ಆಮೇಲೆ ಜೀವಾಮೃತ ಅನ್ನೋ ದ್ರವ ಗೊಬ್ಬರ. ಇದರ ಲೆಕ್ಕ ಒಂದು ಎಕರೆ ಜಮೀನಿಗೆ ಇರೋದು. 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಮ್ಮದು ಎರಡಡಿ ಅಗಲದ ಜಮೀನು. ಇವರು ಬಹಳ ಸಂಯಮದಿಂದ ಹತ್ತನೇ ಒಂದು ಭಾಗ ಮಾತ್ರ ಮಾಡಿದರು. ಹಿಂದಿನ ಬೀದಿಯಲ್ಲಿ ಇನ್ನೂ ಹಸು ಸಾಕಿರುವ ಮನೆ ಇದೆ, ಸಗಣಿ ಸಿಕ್ಕಿತು. ಕಡಲೆಹಿಟ್ಟು ನನ್ನ ಡಬ್ಬದಿಂದ ಹೋಯಿತು. ಬೆಲ್ಲ ಎಲ್ಲಿಂದ ಬಂತು ಅಂತ ರಾಮನವಮಿಯ ದಿನ ಗೊತ್ತಾಯಿತು. ಪಾನಕಕ್ಕೆ ಅಂತ ಅತ್ತೆ ಎತ್ತಿಟ್ಟಿದ್ದ ಉಂಡೆ ಬೆಲ್ಲ ಇರಲಿಲ್ಲ. ಆ ವರ್ಷ ರಾಮನಿಗೆ ಸಕ್ಕರೆ ಪಾನಕ, ಬದನೆ ಗಿಡಕ್ಕೆ ಬೆಲ್ಲದ ಪಾನಕ. ಬಕೆಟ್ಟನ್ನು ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಬೇಕಂತೆ. ನಮ್ಮ ಮನೆಯಲ್ಲಿ ಇಡೀ ದಿನ ನೆರಳಿರುವ ಜಾಗ ಒಂದೇ, ಅದು ಅಡುಗೆಮನೆ ಕಿಟಕಿಯ ಕೆಳಗೆ. ಕೋಸಂಬರಿ ತೆಗೆದುಕೊಳ್ಳೋಕೆ ಬಂದ ಎದುರುಮನೆಯವರು, "ಏನ್ರೀ, ಹಸು ಕಟ್ಟಿದ್ದೀರಾ?" ಅಂತ ಬಹಳ ಸಂತೋಷದಿಂದ ಕೇಳಿದರು.

ರಜೆ ಬಂತು, ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಬಂದವಳೇ ಕರಿಬೇವಿನ ಎಲೆ ಮೇಲೆ ಹಕ್ಕಿ ಪಿಕ್ಕೆ ಬಿದ್ದಿದೆ ಅಂತ ತೋರಿಸಿದಳು. ಆ ಪಿಕ್ಕೆ ನಡೆಯುತ್ತಿತ್ತು. ನಿಂಬೆ ಚಿಟ್ಟೆಯ ಮರಿಹುಳ ಚಿಕ್ಕದಿದ್ದಾಗ ಹಾಗೇ ವೇಷ ಹಾಕಿಕೊಂಡಿರುತ್ತೆ, ಹಕ್ಕಿ ತಿನ್ನದಿರಲಿ ಅಂತ. ದೊಡ್ಡದಾದಾಗ ಎಲೆಯದೇ ಹಸಿರು. ಮುಟ್ಟಿದರೆ ತಲೆಯಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಚಾಚಿ ಗಬ್ಬುನಾತ ಬಿಡುತ್ತೆ. ನಾನು ತೆಗೆದು ಎಸೆಯೋಣ ಅಂತ ಹೋದೆ. "ಅಜ್ಜೀ, ಅದು ಬೇಬಿ!" ಅಂತ ಕಿರುಚಿದಳು. ಬೇಬಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ತೂತು ಮಾಡಿ ಟಿವಿ ಪಕ್ಕದಲ್ಲಿಟ್ಟೆವು. ಅವುಗಳ ಹಸಿವು ನೀವು ನೋಡಬೇಕು. ಒಂದು ಕಡ್ಡಿ ಸೊಪ್ಪು ಹಾಕಿ ಬಂದು ಕಾಫಿ ಕುಡಿಯೋಷ್ಟರಲ್ಲಿ ಬರೀ ನರ ಉಳಿದಿರುತ್ತಿತ್ತು. ನಮ್ಮ ಗಿಡ ಬೋಳಾಯಿತು. ಅಂಗಡಿ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ ಅಂತ ಮೊಮ್ಮಗಳು ಬೇಡ ಅಂದಳು. ಹಾಗಾಗಿ ಹುಳಗಳಿಗೆ ಪಕ್ಕದ ಮನೆಯಿಂದ ಬೇಡಿ ತಂದ ಸೊಪ್ಪು, ನಮ್ಮ ಸಾರಿನ ಒಗ್ಗರಣೆಗೆ ಅಂಗಡಿಯದು. ಕೊನೆಗೆ ಚಿಟ್ಟೆಗಳು ಹೊರಬಂದವು, ಕಪ್ಪು-ಹಳದಿ ಚುಕ್ಕೆ, ನಿಜಕ್ಕೂ ಚೆಂದ. ರೆಕ್ಕೆ ಒಣಗಿಸಿಕೊಂಡು ಹಾರಿದವು. ಒಂದು ಸುತ್ತು ಹಾಕಿ ಬಂದು ನಮ್ಮ ಕರಿಬೇವಿನ ಹೊಸ ಚಿಗುರಿನ ಮೇಲೇ ಕೂತಿತು ಒಂದು.

ಈ ಗಲಾಟೆಯಲ್ಲಿ ಕುಂಬಳದ ಬಳ್ಳಿ ತಾರಸಿ ತುಂಬ ಹಬ್ಬಿತ್ತು. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರೋದು ಬರೀ ಗಂಡು. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತೆ, ಪರಾಗ ಸಿಗದಿದ್ದರೆ ಅದು ಹಳದಿಯಾಗಿ ಬಿದ್ದುಹೋಗುತ್ತೆ. ಜೇನು ಸರಿಯಾಗಿ ಬರುತ್ತಿಲ್ಲ, ನಾನೇ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರುತ್ತೇನೆ ಅಂತ ನಮ್ಮನೆಯವರು ತೀರ್ಮಾನ ಮಾಡಿದರು. ಹೂವು ಅರಳೋದು ಬೆಳಗಿನ ಜಾವ, ಬಿಸಿಲೇರಿದರೆ ಮುದುಡುತ್ತೆ. ಮೊದಲ ಹೆಣ್ಣು ಹೂವು ನಾಳೆ ಅರಳುತ್ತೆ ಅಂತ ಗೊತ್ತಾದ ರಾತ್ರಿ ಇವರು ಅಲಾರಂ ಇಟ್ಟು ಮಲಗಿದರು. ನಮ್ಮ ಮಗಳ ಮುಹೂರ್ತಕ್ಕೂ ಇವರನ್ನು ಎಬ್ಬಿಸಬೇಕಾಗಿತ್ತು, ಅದು ಬೇರೆ ಮಾತು. ಬೆಳಿಗ್ಗೆ ಹೋದರೆ ಹೆಣ್ಣು ಅರಳಿ ನಿಂತಿದೆ, ಇಡೀ ತಾರಸಿಯಲ್ಲಿ ಒಂದು ಗಂಡೂ ಇಲ್ಲ. ಕೆಳಗೆ ಅಡುಗೆಮನೆಯಿಂದ ಎಣ್ಣೆ ಕಾದ ವಾಸನೆ. "ಕಾಯಿ ಬಿಡದ ಹೂವು ಬಳ್ಳಿಗೆ ಯಾಕೆ ಭಾರ ಅಂತ ಕಿತ್ತೆ ಕಣೋ," ಅಂದರು ಅತ್ತೆ. "ಕಡಲೆಹಿಟ್ಟೂ ಇಲ್ಲ ಮನೆಯಲ್ಲಿ, ಅಕ್ಕಿಹಿಟ್ಟಲ್ಲೇ ಬಜ್ಜಿ ಮಾಡಿದ್ದೀನಿ, ತಿನ್ನು." ಇವರು ಗಂಡಿನ ಕಡೆಯವರೆಲ್ಲರನ್ನೂ ಮೌನವಾಗಿ ತಿಂದರು. ಗರಿಗರಿಯಾಗಿತ್ತು.

ನೀರಿನ ವಿಷಯಕ್ಕೆ ಬಂದರೆ ಮನೆಯಲ್ಲಿ ಈಗ ಮಗಳದೇ ಆಡಳಿತ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಾಗಿನಿಂದ ಅವಳು ಅಕ್ಕಿ ತೊಳೆದ ನೀರನ್ನೂ ಚೆಲ್ಲಲ್ಲ, ನಮಗೂ ಚೆಲ್ಲೋಕೆ ಬಿಡಲ್ಲ. ಒಳ್ಳೆಯದೇ. ಆದರೆ ಆ ಅಕ್ಕಿ ನೀರು ಮೊದಲು ಯಾವ ಮಲ್ಲಿಗೆಗೆ ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಇವರಿಗೆ ಮಾತ್ರ ಪೈಪು ಬೇಕು. ನಲ್ಲಿಗೂ ಪೈಪಿಗೂ ಅಳತೆ ಕೂಡದೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾರೆ. ಒಂದು ದಿನ ಮೂಲೆಯ ಟೊಮೆಟೊ ಹತ್ತಿರ ನಿಂತು "ನಲ್ಲಿ ತಿರುಗಿಸೇ" ಅಂತ ಕೂಗಿದರು. ನಾನು ತಿರುಗಿಸಿದೆ. ಟ್ಯೂಬು ಹಾರಿತು. ನೀರು ನೇರವಾಗಿ ಹೋಗಿದ್ದು ಅತ್ತೆ ಆರಲಿ ಅಂತ ಇಟ್ಟಿದ್ದ ಸಂಡಿಗೆ ಹಿಟ್ಟಿನ ಪಾತ್ರೆಗೆ. ಅತ್ತೆ ಹಿಟ್ಟು ಬಿಸಾಡುವ ಪೈಕಿ ಅಲ್ಲ. ಇನ್ನಷ್ಟು ಅಕ್ಕಿಹಿಟ್ಟು ಸುರಿದು ಮತ್ತೆ ಕಾಯಿಸಿದರು. ತಾರಸಿಯ ಗಡಿ ಆ ವಾರ ಕುಂಡಗಳ ಕಡೆಗೆ ಬಹಳ ದೂರ ಸರಿಯಿತು. ಮುಂದಿನ ದೀಪಾವಳಿಗೆ ನಿಮಗೂ ಒಂದು ಪೊಟ್ಟಣ ಬರಬಹುದು.

ಅಶ್ವಿನಿ ಮಳೆ ಗಾಳಿಯೊಂದಿಗೆ ಬಂತು. ಮಾವಿನ ಒಂದು ಗೊಂಚಲಲ್ಲಿ ಸಾವಿರಗಟ್ಟಲೆ ಹೂವಿದ್ದರೂ ಹಣ್ಣಾಗಿ ನಿಲ್ಲೋದು ಒಂದೋ ಎರಡೋ. ಆ ಒಂದೆರಡರಲ್ಲಿ ಅರ್ಧ ಆ ರಾತ್ರಿ ಉದುರಿದವು. ಉಳಿದದ್ದನ್ನು ಅಳಿಲು ಕಚ್ಚಿ ನೋಡಿ, ಇನ್ನೂ ಹುಳಿ ಅಂತ ಬಿಟ್ಟಿತು. ಮಾವಿನಕಾಯಿ ಚಿತ್ರಾನ್ನ ಮಾಡಿದೆ.

ಇಷ್ಟರ ನಡುವೆಯೂ ನಮ್ಮ ತೋಟದಿಂದ ತಪ್ಪದೆ ಫಸಲು ಪಡೆಯುವ ಒಬ್ಬರಿದ್ದಾರೆ. ಬೆಳಿಗ್ಗೆ ವಾಕಿಂಗ್ ಬರುವ ಮೇಷ್ಟ್ರು. ಒಂದು ಕೈಯಲ್ಲಿ ಕೊಕ್ಕೆ ಕೋಲು, ಇನ್ನೊಂದರಲ್ಲಿ ಕವರು. ಕಾಂಪೌಂಡಿನ ಆಚೆ ನಿಂತೇ ರೆಂಬೆ ಎಳೆದು ನಂದಿಬಟ್ಟಲು, ದಾಸವಾಳ ಬಿಡಿಸಿಕೊಳ್ಳುತ್ತಾರೆ. ನಾನು ಹಾಲು ತರೋಕೆ ಬಾಗಿಲು ತೆಗೆದರೆ ಅವರಿಗೇನೂ ಗಾಬರಿಯಿಲ್ಲ. "ದೇವರಿಗಮ್ಮಾ," ಅಂತಾರೆ. ಕಿತ್ತವರಿಗೆ ಅರ್ಧ ಪುಣ್ಯ, ಗಿಡ ಬೆಳೆಸಿದವರಿಗೆ ಅರ್ಧ ಪುಣ್ಯ ಅಂತ ಅತ್ತೆಯ ಸಿದ್ಧಾಂತ. ಹಾಗಾಗಿ ಏಳದೆ, ಸ್ನಾನ ಮಾಡದೆ, ಮಲಗಿದಲ್ಲೇ ನಮಗೆ ದಿನಾ ಪುಣ್ಯ ಜಮಾ ಆಗುತ್ತಿದೆ. ಒಂದು ಬೆಳಿಗ್ಗೆಯಂತೂ ಮೇಷ್ಟ್ರು ನನ್ನನ್ನು ನಿಲ್ಲಿಸಿ, "ನಂದಿಬಟ್ಟಲಿಗೆ ನೀರು ಸಾಲ್ತಿಲ್ಲ ಅನ್ಸುತ್ತಮ್ಮ, ಈಚೆಗೆ ಹೂವು ಸಣ್ಣ ಬರ್ತಿದೆ, ಸ್ವಲ್ಪ ಗಮನಿಸಿ" ಅಂದರು. ನಾನು "ಆಗಲಿ ಮೇಷ್ಟ್ರೇ" ಅಂದೆ. ಸಂಜೆ ಒಂದು ಬಕೆಟ್ ಜಾಸ್ತಿಯೇ ಹಾಕಿದೆ.

ಮೊನ್ನೆ ಅವರು ಗೇಟು ತಟ್ಟಿ ಕರೆದರು. ಇದು ಹೊಸದು. ನಾವಿಬ್ಬರೂ ಹೊರಗೆ ಬಂದೆವು.

"ನಾಳೆಯಿಂದ ನಾನು ಬರೋದಿಲ್ಲಮ್ಮ. ಪುಣೆಗೆ ಮಗನ ಮನೆಗೆ ಹೊರಟಿದ್ದೀನಿ, ಎರಡು ತಿಂಗಳು."

"ಹೋಗಿಬನ್ನಿ ಮೇಷ್ಟ್ರೇ," ಅಂದರು ಇವರು. ದನಿಯಲ್ಲಿ ಸ್ವಲ್ಪ ಹಬ್ಬ ಇತ್ತು.

"ನೀವೇನೂ ಯೋಚನೆ ಮಾಡಬೇಡಿ. ಹಿಂದಿನ ಕ್ರಾಸಿನ ರಾಯರಿಗೆ ಎಲ್ಲ ಹೇಳಿದ್ದೀನಿ, ಅವರು ದಿನಾ ಬರ್ತಾರೆ. ಆದರೆ ಆಸಾಮಿ ಸ್ವಲ್ಪ ಕುಳ್ಳು. ಮೇಲಿನ ರೆಂಬೆ ಎಟುಕಲ್ಲ. ಗೇಟಿನ ಹತ್ತಿರ ಒಂದು ಸ್ಟೂಲ್ ಇಟ್ಟಿದ್ದರೆ ಒಳ್ಳೇದು."

ಇವರು ನನ್ನ ಮುಖ ನೋಡಿದರು. ಒಳಗಿಂದ ಅತ್ತೆಯ ದನಿ ಬಂತು. "ಆ ಪುದೀನ ಕುಂಡದ ಕೆಳಗಿರೋ ಸ್ಟೂಲ್ ಕೊಡೋ, ಅದರ ಕಾಲು ಗಟ್ಟಿಯಾಗಿದೆ."